ಹೊಸ ಅಂಟು

ಅಪ್ಪ ಬ್ರಷ್ಷನ್ನು ಹೊಸ ಅಂಟಿನಲ್ಲಿ ಅದ್ದಿ ಬೂಟಿನ ಅಟ್ಟೆಯ ಮೇಲೆ ಎಳೆದಾಗ ಮಗಳು ಉಸಿರು ಬಿಗಿಹಿಡಿದಳು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಅಟ್ಟೆ ಅಂಟಿಸಿದ ಕೈ ಅದು. ಅಂಥವರಿಗಾಗಿಯೇ ಅವಳು ಪ್ರಯೋಗಾಲಯದಲ್ಲಿ ಆರು ವರ್ಷ ಹೆಣಗಿ, ನರಗಳನ್ನು ಕೆಡಿಸುವ ಹಳೆಯ ದ್ರಾವಕವನ್ನು ಬಿಟ್ಟು ಈ ಪಾಲಿಯುರೆಥೇನ್ ಅಂಟು ತಯಾರಿಸಿದ್ದಳು.

"ಬೆಣ್ಣೆ ಹಚ್ಚಿದ ಹಾಗೆ ಹೋಗುತ್ತಮ್ಮ," ಅಪ್ಪ ಹಿಗ್ಗಿದರು. "ಅದಕ್ಕಿಂತ ಹೆಚ್ಚಾಗಿ, ವಾಸನೆನೇ ಇಲ್ಲ ನೋಡು!"

ಮಗಳ ನಗು ಅಲ್ಲೇ ನಿಂತಿತು. ಘಾಟು ಕಡಿಮೆಯಾಗಿತ್ತೇ ಹೊರತು ಪೂರ್ತಿ ಹೋಗಿರಲಿಲ್ಲ. ಅವಳ ಮೂಗಿಗೆ ಈಗಲೂ ಬಡಿಯುತ್ತಿತ್ತು. ಹೋಲಿಸಿ ನೋಡಲೆಂದು ಇಟ್ಟಿದ್ದ ಹಳೆಯ ಅಂಟಿನ ಬಾಟಲಿಯ ಮುಚ್ಚಳ ತೆಗೆದು ಅವರ ಮುಂದೆ ಹಿಡಿದಳು.

"ಇದು ಹೇಗಿದೆ ಅಪ್ಪಾ?"

ಅಪ್ಪ ಬಗ್ಗಿ ಮೂಸಿದರು. ಮುಖ ಅರಳಿತು.

"ಇದಕ್ಕೂ ವಾಸನೆ ಇಲ್ಲ! ಇದನ್ನೂ ನೀನೇ ಮಾಡಿದ್ಯಾ? ಭೇಷ್ ಮಗಳೇ!"