ಒಂದು ಕಾರಿನುದ್ದ

“ಓಡೋದು ಬಿಡಿ, ನಿಲ್ಲೋದನ್ನ ಹೇಳಿ,” ಎಂದರು ಆಕೆ.

ಟೈರ್ ಅಂಗಡಿಯವನ ಮಾತು ಅರ್ಧಕ್ಕೇ ನಿಂತಿತು. ಇಂಥ ಕಾರಿಗೆ ಟೈರ್ ಕೊಳ್ಳಲು ಬಂದವರು ಯಾರೂ ಹೀಗೆ ಕೇಳಿದ್ದಿಲ್ಲ. ತಿರುವಿನಲ್ಲಿ ಎಷ್ಟು ಬಿಗಿಯಾಗಿ ಕೂರುತ್ತದೆ, ಎಷ್ಟು ವೇಗ ತಾಳುತ್ತದೆ, ಅಷ್ಟೇ ಅವರ ಚಿಂತೆ. ನಿಲ್ಲುವುದು ಯಾರಿಗೆ ಬೇಕು?

ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು ಜಾಕಿನ ಮೇಲಿತ್ತು. ಅದನ್ನು ಓಡಿಸಿಕೊಂಡು ಬಂದ ತರುಣ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಆಕೆ ಅವನಿಗಿಂತ ಮೊದಲೇ, ಜಿನುಗುವ ಮಳೆಯಲ್ಲಿ ನಡೆದು ಬಂದು ಕಾದಿದ್ದರು. ಕಿವಿಯ ಬಳಿ ಕೂದಲು ನರೆತಿತ್ತು. ಸೀರೆಯ ಅಂಚು ಒದ್ದೆಯಾಗಿತ್ತು.

ಅಂಗಡಿಯವನು ಮನಸ್ಸಿನಲ್ಲೇ ತೀರ್ಮಾನಿಸಿದ: ತಾಯಿ, ಮಗ. ಮನೆಯಲ್ಲಿ ದೊಡ್ಡ ರಂಪವೇ ಆಗಿರಬೇಕು. ಮಾತು ಬಿಟ್ಟಿದ್ದಾರೆ, ಆದರೆ ಹೆತ್ತ ಕರುಳು ಕೇಳಬೇಕಲ್ಲ.

“ನೀವು ಕೂತ್ಕೊಳ್ಳಿ,” ಎಂದು ತರುಣ ಕುರ್ಚಿ ಎಳೆದು ಕೊಟ್ಟ. ಆಕೆ ಕೂರಲಿಲ್ಲ.

ಅಮ್ಮನಿಗೆ ‘ನೀವು’ ಅನ್ನುವ ಹುಡುಗ! ಅಂಗಡಿಯವನಿಗೆ ಹಿಡಿಸಿತು. ಅವನ ಮಗಳು ಅವನನ್ನು ‘ಏನಪ್ಪಾ, ಗುಂಡಪ್ಪಾ’ ಎಂದೇ ಕರೆಯುತ್ತಿದ್ದಳು.

ಕಳಚಿದ ಹಳೆಯ ಟೈರಿನ ಮೇಲೆ ಅವನು ಹೆಬ್ಬೆರಳು ಆಡಿಸಿದ. ರೇಸಿಗೆಂದು ಮಾಡಿದ ಮೆತ್ತನೆಯ ರಬ್ಬರು, ನೀರು ಹರಿದುಹೋಗಲು ಗೀರುಗಳೇ ಕಡಿಮೆ. ಇದ್ದವೂ ಸವೆದು ನುಣ್ಣಗಾಗಿದ್ದವು.

“ಒಣ ರಸ್ತೇಲಿ ಇದು ಹುಲಿ,” ಎಂದ. “ಮಳೆ ಬಿದ್ರೆ ಸೋಪಿನ ಬಿಲ್ಲೆ. ಇದನ್ನ ಹಾಕ್ಕೊಂಡು ದಿನಾ ಆಫೀಸಿಗೆ ಹೋಗ್ತಿದ್ಯಾ? ಮಳೇಲೂ?”

“ಹೂಂ,” ಎಂದ ತರುಣ.

“ಭಂಡ ಧೈರ್ಯ! ಯಾರಿಗೂ ಏನೂ ಆಗ್ಲಿಲ್ಲವಲ್ಲ, ಯಾರ ಪುಣ್ಯವೋ.”

ತರುಣ ಗೋಡೆಯತ್ತ ಮುಖ ತಿರುಗಿಸಿದ. ಮೂಲೆಯಲ್ಲಿ ಗಾಳಿ ತುಂಬುವ ಯಂತ್ರ ಒಮ್ಮೆ ಬುಸುಗುಟ್ಟಿ ಸುಮ್ಮನಾಯಿತು. ಅತಿಯಾಯಿತೇನೋ ಎನಿಸಿ ಅಂಗಡಿಯವನು ಹೊಸ ಟೈರುಗಳತ್ತ ತಿರುಗಿದ.

ಮೊದಲನೆಯದು ಹಳೆಯದರದೇ ಜಾತಿ. ಆಕೆ ಬೇಡವೆಂದು ತಲೆಯಾಡಿಸಿಬಿಟ್ಟರು. ಎರಡನೆಯದು ಎಲ್ಲ ಕಾಲಕ್ಕೂ ಆಗುವಂಥದ್ದು, ಬಹಳ ದಿನ ಬಾಳಿಕೆ ಬರುವಂಥದ್ದು.

“ಆದ್ರೆ ಈ ಎಂಜಿನ್ನಿನ ಬಲಕ್ಕೆ ಇದು ಸಾಲದು. ತಟ್ಟನೆ ಬ್ರೇಕ್ ಒತ್ತಿದ್ರೆ ಜಾರುತ್ತೆ.”

“ಹಾಗಾದ್ರೆ ಬೇಡ.”

ಮೂರನೆಯದನ್ನು ಅವನು ಉರುಳಿಸಿಕೊಂಡು ಬಂದ. ಮಧ್ಯದಲ್ಲಿ ಆಳವಾದ ಕಾಲುವೆಗಳು, ಹೊರ ಅಂಚಿನಲ್ಲಿ ಅಗಲವಾದ ಗಟ್ಟಿ ಪಟ್ಟಿ. ಆಕೆ ಬಗ್ಗಿ ಒಂದೊಂದು ಕಾಲುವೆಯಲ್ಲೂ ಬೆರಳಿಟ್ಟು ನೋಡಿದರು, ಮಗುವಿನ ಹಲ್ಲು ನೋಡುವ ಹಾಗೆ.

“ವೇಗದ ಕಾರಿಗೇ ಮಾಡಿದ್ದು, ಆದ್ರೆ ಊರ ರಸ್ತೆಗೆ, ದಿನದ ಓಡಾಟಕ್ಕೆ. ನೀರನ್ನ ಪಕ್ಕಕ್ಕೆ ಚೆಲ್ಲಿ ನೆಲ ಕಚ್ಚಿ ಹಿಡಿಯುತ್ತೆ. ಬೇಗ ಸವೆಯುತ್ತೆ, ಸ್ವಲ್ಪ ಸದ್ದೂ ಮಾಡುತ್ತೆ.”

“ಸದ್ದು ಮಾಡ್ಲಿ. ಕೇಳಿಸಿದ್ರೆ ಒಳ್ಳೇದೇ. ಹಳೇದಕ್ಕಿಂತ ಎಷ್ಟು ಮೊದ್ಲು ನಿಲ್ಲುತ್ತೆ, ಮಳೇಲಿ?”

“ಪೇಟೆ ವೇಗದಲ್ಲಾದ್ರೂ ಒಂದು ಕಾರಿನುದ್ದ ಮೊದ್ಲೇ ನಿಲ್ಲುತ್ತೆ ಅನ್ಕೊಳ್ಳಿ.”

ಆಕೆ ಎದ್ದು ಕಾರಿನ ಮುಂದೆ ಹೋಗಿ ನಿಂತರು. ಅಲ್ಲಿಂದ ಅದರ ಹಿಂಬದಿಯವರೆಗೆ, ಸೀರೆಯ ನೆರಿಗೆ ಹಿಡಿದು, ಮೆಲ್ಲಗೆ ನಡೆದರು. ತಿರುಗಿ ಇಡೀ ಉದ್ದವನ್ನು ಕಣ್ಣಲ್ಲೇ ಅಳೆದರು.

“ಇಷ್ಟು ಸಾಕಾಗ್ತಿತ್ತು,” ಎಂದರು.

“ಸಾಕಾಗುತ್ತಮ್ಮಾ, ಧಾರಾಳವಾಗಿ ಸಾಕಾಗುತ್ತೆ.”

ತರುಣ ಹೊರಗೆ ಹೋಗಿ ಮಳೆಯಲ್ಲಿ ನಿಂತ. ಅವನ ಹೆಗಲು ಅಲುಗುತ್ತಿದ್ದುದು ಗಾಜಿನಾಚೆ ಕಾಣುತ್ತಿತ್ತು.

“ನನ್ನ ಮಗನಿಗೆ ಮಳೆ ಅಂದ್ರೆ ಪ್ರಾಣ,” ಎಂದರು ಆಕೆ, ಯಾರಿಗೋ ಎಂಬಂತೆ. “ಕೊಡೆ ಕೊಟ್ಟು ಕಳಿಸಿದ್ರೆ ಚೀಲದೊಳಗೆ ತುರುಕಿ, ನೆನ್ಕೊಂಡೇ ಬರ್ತಿದ್ದ.”

“ಮಕ್ಕಳೆಲ್ಲಾ ಅಷ್ಟೇ,” ಎಂದು ಅಂಗಡಿಯವನು ಹೊರಗಿದ್ದವನನ್ನು ನೋಡಿ ನಕ್ಕ. “ಅಲ್ಲಮ್ಮಾ, ಇಷ್ಟು ಭಯ ಇದ್ರೆ ಈ ಕಾರನ್ನೇ ಮಾರಿಸಿಬಿಡಬಹುದಿತ್ತಲ್ಲ?”

“ಮಾರ್ತೀನಿ ಅಂತ ಕಾಲು ಹಿಡ್ಕೊಂಡ. ನಾನೇ ಬೇಡ ಅಂದೆ.” ಆಕೆಯ ಬೆರಳು ಮತ್ತೆ ಹೊಸ ಟೈರಿನ ಕಾಲುವೆಗೆ ಹೋಗಿತ್ತು. “ಮಾರಿದ್ರೆ ಏನೂ ಗೊತ್ತಿಲ್ಲದ ಇನ್ಯಾರೋ ಓಡಿಸ್ತಾರೆ. ಇವನಿಗಾದ್ರೆ ಗೊತ್ತು.”

ಕೆಲಸ ಬೇಗ ಮುಗಿಯಿತು. ನಾಲ್ಕು ಚಕ್ರಗಳೂ ನೆಲ ಮುಟ್ಟಿದಾಗ ಆಕೆ ಒಂದೊಂದನ್ನೂ ಅಂಗೈಯಿಂದ ತಟ್ಟಿದರು. ಮುಂದಿನ ಎಡಚಕ್ರದ ಬಳಿ ಮಾತ್ರ ಕೈ ಇಟ್ಟು ಬಹಳ ಹೊತ್ತು ಕುಕ್ಕರಗಾಲಲ್ಲೇ ಕೂತರು. ಮಂಡಿ ನೋವಿರಬೇಕೆಂದು ಅಂಗಡಿಯವನು ಕೈ ಕೊಟ್ಟು ಎಬ್ಬಿಸಿದ.

ತರುಣ ಒಳಗೆ ಬಂದು ದುಡ್ಡು ಕೊಟ್ಟ. ಅವನ ಕಣ್ಣು ಕೆಂಪಾಗಿತ್ತು.

“ಶಾಲೆ ಬಿಡೋ ಹೊತ್ತಲ್ಲಿ ನಿಧಾನ,” ಎಂದರು ಆಕೆ ಅವನಿಗೆ. ಮೊದಲ ಸಲ ಅವನ ಮುಖ ನೋಡಿದ್ದರು. “ಊಟ ಮಾಡು. ಇಳಿದುಹೋಗಿದ್ದೀಯ.”

ಸೆರಗನ್ನು ತಲೆಗೆ ಎಳೆದುಕೊಂಡು ಆಕೆ ಮಳೆಯಲ್ಲೇ ಬಸ್ ನಿಲ್ದಾಣದತ್ತ ನಡೆದರು. ತರುಣ ಅಲುಗಾಡದೆ ನೋಡುತ್ತ ನಿಂತ. ಅಂಗಡಿಯವನಿಗೆ ತಡೆಯಲಾಗಲಿಲ್ಲ.

“ನಾಚಿಕೆ ಆಗಲ್ವೇನಯ್ಯಾ? ಪಕ್ಕದ ಸೀಟು ಖಾಲಿ ಇಟ್ಕೊಂಡು, ಹೆತ್ತ ತಾಯಿನ ಮಳೇಲಿ ನಡೆಸ್ತೀಯಲ್ಲ!”

ತರುಣ ಕಾರಿನ ಬಾಗಿಲು ಹಿಡಿದುಕೊಂಡ.

“ಅವರು ನನ್ನ ತಾಯಿ ಅಲ್ಲ ಸಾರ್. ಹೋದ ಮಳೆಗಾಲದಲ್ಲಿ ನನ್ನ ಈ ಕಾರಿಗೆ ಸಿಕ್ಕಿ ಸತ್ತುಹೋದನಲ್ಲ, ಆ ಹುಡುಗನ ತಾಯಿ.”