ಅರವತ್ತೆರಡು ಮನೆ, ಒಂದೇ ಉತ್ತರ

ಭಾನುವಾರ ಸಂಜೆ 4 ಗಂಟೆ 10 ನಿಮಿಷ. ನೇಕಾರರ ಓಣಿಯ ಆರೋಗ್ಯ ಸರ್ವೆ ಮುಗಿಯಿತು.

ಅರವತ್ತೆರಡು ಮನೆ, ಅರವತ್ತೆರಡು ಫಾರಂ... "ಕುಡಿಯುವ ನೀರನ್ನು ಕಾಯಿಸುತ್ತೀರಾ?" ಎಂಬ ಪ್ರಶ್ನೆಗೆ ಎಲ್ಲದರಲ್ಲೂ "ಹೌದು".

ಅದೇ ಓಣಿಯಲ್ಲಿ ಎರಡು ವಾರದಲ್ಲಿ ಒಂಬತ್ತು ಮಕ್ಕಳಿಗೆ ಕಾಮಾಲೆ ಆಗಿತ್ತು.

ಸರ್ವೆ ಮಾಡಿದವರು ಅಲ್ಲಿಯೇ ಬೆಳೆದ ಇಬ್ಬರು ಬಿ.ಎಸ್ಸಿ. ವಿದ್ಯಾರ್ಥಿನಿಯರು, ದಾನೇಶ್ವರಿ ಮತ್ತು ಮೆಹಜಬೀನ್. ಹೊರಗಿನವರಿಗೆ ಹೇಳದ ನಿಜವನ್ನು ಜನ ತಮ್ಮ ಓಣಿಯ ಮಕ್ಕಳಿಗೆ ಹೇಳುತ್ತಾರೆ ಎಂದು ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಈ ಇಬ್ಬರನ್ನೇ ಆರಿಸಿದ್ದರು.

ಲೆಕ್ಕ ಕೇಳಿದ ಡಾಕ್ಟರ್ ಫೋನಿನಲ್ಲಿ ದಾನೇಶ್ವರಿಗೆ ಅಂದರು, "ಎಲ್ಲಾರೂ ಕಾಸಿ ಕುಡಿತಾರಂದ್ರ ಇದು ನೀರಿಂದ ಬಂದಿದ್ದಲ್ಲ ತಂಗಿ. ಓಣಿ ನಳದ ಪೈಪ್ ಅಗಿಸೋದು ಬ್ಯಾಡ ಅಂತ ನಾಳೆ ಪುರಸಭೆಗೆ ಬರದು ಕೊಡ್ತೀನಿ."

ನೀರಲ್ಲ... ಹಾಗಾದರೆ ಮತ್ತೇನು? ದಾನೇಶ್ವರಿಗೆ ತಿಳಿಯಲಿಲ್ಲ. ಪೈಪ್ ಒಡೆದಿದ್ದರೆ ಹತ್ತನೆಯ ಮಗು ಹಾಸಿಗೆ ಹಿಡಿಯಲು ಎಷ್ಟು ದಿನ ಬೇಕು?

ಫಾರಂಗಳನ್ನು ಮತ್ತೆ ತಿರುವಿದಳು. 27ನೆಯದು ಅವಳದೇ ಮನೆಯದು, ಮೆಹಜಬೀನ್ ತುಂಬಿದ್ದು. ಅಲ್ಲೂ "ಹೌದು".

ಆ ಮನೆಯಲ್ಲಿ ಯಾರೂ ಎಂದೂ ನೀರು ಕಾಯಿಸಿ ಕುಡಿದವರಲ್ಲ.

"ಯವ್ವಾ, ನಾವು ಯಾವಾಗ ನೀರು ಕಾಸೇವಿ?"

ಮಗ್ಗದ ಮುಂದೆ ಕುಳಿತಿದ್ದ ತಾಯಿ ಗಿರಿಜವ್ವ ತಲೆ ಎತ್ತಲಿಲ್ಲ. "ದಿನಾ ಜಳಕಕ್ಕ ಕಾಸ್ತೀವಲ್ಲ."

"ಕುಡಿಯಾಕ?"

"ಆ ಹುಡುಗಿ ಉರಿ ಬಿಸಲಾಗ ಹಾಳಿ ಹಿಡ್ಕೊಂಡು ನಿಂತಿತ್ತು. ಇಲ್ಲ ಅಂದ್ರ, ಪಾಪ, ಅದರ ಮಾರ್ಕ್ಸ್ ಹೋಗಂಗಿಲ್ಲೇನು?"

"ಇದಕ್ಕೆಲ್ಲಿ ಮಾರ್ಕ್ಸ್ ಬೇ?"

"ನಮಗೇನ್ ಗೊತ್ತು. ನಮ್ಮ ಹುಡುಗ್ಯಾರದು ಪರೀಕ್ಷಾ ಐತಿ, ಎಲ್ಲಾರೂ ಸರಿ ಉತ್ತರಾನ ಕೊಡ್ರಿ ಅಂತ ನಾನ ಮನಿ ಮನಿಗೆ ಹೇಳಿ ಬಂದೆ."

ದಾನೇಶ್ವರಿಗೆ ಮೊದಲು ನಗು ಬಂತು. ಆಮೇಲೆ ಅಳು...

"ಪರೀಕ್ಷಾ ನಮ್ದಲ್ಲ ಯವ್ವಾ. ಕಾಮಾಲಿ ಆಗಿ ಆಸ್ಪತ್ರ್ಯಾಗ ಮಲಗ್ಯಾಳಲ್ಲ ಬಾಜೂ ಮನಿ ಶ್ರಾವಣಿ, ಆಕಿದು."

ಮಗ್ಗ ನಿಂತಿತು.

ಗಿರಿಜವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾವು ಒಳ್ಳೇದಕ್ಕಂತ ಹೇಳಿದ್ವಿ... ಅದು ಹೆಂಗ ಕೆಟ್ಟದಾತು?"

ಯಾರ ಮೇಲೆ ಸಿಟ್ಟಾಗಬೇಕು ಎಂಬುದು ಮಗಳಿಗೆ ತಿಳಿಯಲಿಲ್ಲ. ಅವಳು ಡಾಕ್ಟರಿಗೆ ಫೋನ್ ಮಾಡಿದಳು.

"ಸರ್, ಆ ಅರವತ್ತೆರಡು ಉತ್ತರಾನೂ ನಂಬೂ ಹಂಗಿಲ್ರಿ. ಬರದು ಕೊಡಬ್ಯಾಡ್ರಿ. ನಾಳೆ ಬ್ಯಾರೆ ಪ್ರಶ್ನಿ ಕೇಳ್ತೀವಿ."

"ಏನಂತ ಕೇಳ್ತೀರಿ?"

"ಕೇಳಂಗಿಲ್ರಿ ಸರ್. ಕಾಸಿಟ್ಟ ನೀರು ತೋರಸ್ರಿ ಅಂತೀವಿ."

ಸೋಮವಾರ ಕಾಯಿಸಿದ ನೀರು ತೋರಿಸಿದ್ದು ನಾಲ್ಕೇ ಮನೆ.

ಬುಧವಾರ ಪೈಪ್ ಅಗೆದರು. ಚರಂಡಿ ದಾಟುವ ಜಾಗದಲ್ಲಿ ಅದು ಒಂದು ಗೇಣು ಸೀಳಿಹೋಗಿ, ಚರಂಡಿ ನೀರು ಒಳಗೆ ಸೇರುತ್ತಿತ್ತು.

ಪ್ರೀತಿಯಿಂದ ಕೊಟ್ಟ ತಪ್ಪು ಉತ್ತರವೂ ತಪ್ಪು ಉತ್ತರವೇ.

ನಮ್ಮ ಮಕ್ಕಳು ಬಾಗಿಲಿಗೆ ಬಂದು ಕೇಳಿದಾಗ ನಾವು ಹೇಳುವುದು ಅವರಿಗೆ ಖುಷಿಯಾಗುವ ಮಾತೋ... ನಿಜವೋ?