ಕೊಡದೊಳಗಿನ ನಾಟಕ

ಆಗೆಲ್ಲ ರೇಡಿಯೊ ನೀರಿನಲ್ಲಿ ಬರುತ್ತಿತ್ತು. ಕೊಡ ಬೆಳಗಿ, ನೀರು ಸೋಸಿ ತುಂಬಿದರೆ ಮಾತು ಸ್ಪಷ್ಟ. ತಳದಲ್ಲಿ ಚೂರು ಪಾಚಿ ಇದ್ದರೂ ಬರೀ ಗೊರಗೊರ. ಶಾವಂತ್ರವ್ವನ ತಾಯಿ ಮಧ್ಯಾಹ್ನದ ನಾಟಕದ ಹುಚ್ಚಿಗೆ ದಿನಾ ಹುಣಸೆಹಣ್ಣು ಹಚ್ಚಿ ಕೊಡ ತಿಕ್ಕುತ್ತಿದ್ದಳು. ಯಾವ ಮಗು ಕೊಳೆಗೈ ಅದ್ದಿದರೂ ನಾಯಕಿಯ ದನಿ ಕೆಡುತ್ತಿತ್ತು, ಮಗುವಿನ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಆ ಕೊಡದ ನೀರು ಕುಡಿದ ಮಕ್ಕಳೆಲ್ಲ ಬಾಗಿಲಿಗೆ ತಲೆ ತಾಗುವಂತೆ ಬೆಳೆದರು.

ಈಗ ನೀರಿನ ರೇಡಿಯೊ ನಿಲಯ ಮುಚ್ಚಿ, ಹಾಡೆಲ್ಲ ಗೋಡೆಯಲ್ಲೇ ಬರುತ್ತದೆ. ಮೊಮ್ಮಗನಿಗೆ ಮತ್ತೆ ಭೇದಿ, ತೂಕ ಏರಲೊಲ್ಲದು. ಶಾವಂತ್ರವ್ವ ಕೊಡ ಬರಿದು ಮಾಡಿ ಕೈಯಾಡಿಸಿದಳು. ಬೆರಳಿಗೆ ಲೋಳೆ ಹತ್ತಿತು. ಹುಣಸೆಹಣ್ಣು ಹಚ್ಚಿ ತಿಕ್ಕಲು ಕೂತಳು.

"ಅದರಾಗ ಈಗ ಏನೂ ಬರೂದಿಲ್ಲಲ್ರೀ ಅತ್ತಿ," ಎಂದಳು ಸೊಸೆ ಕಸ್ತೂರಿ.

"ನಮ್ಮವ್ವನ ನಾಟಕ ಎಲ್ಲಾ ನನಗ ಬಾಯಿಪಾಠ ಅದಾವು. ಕೂಡು, ಹೇಳ್ತೀನಿ."

ಹೇಳುತ್ತ ಹೇಳುತ್ತ ಕೊಡ ಹೊಳೆಯಿತು. ನಾಟಕದ ಮದುವಣಗಿತ್ತಿ ಹಿತ್ತಲ ಬಾಗಿಲು ತೆರೆದಲ್ಲಿಗೆ ಶಾವಂತ್ರವ್ವ ಕತೆ ನಿಲ್ಲಿಸಿಬಿಟ್ಟಳು.

"ಆಮ್ಯಾಲೆ ಏನಾತ್ರೀ?"

"ಕೊಡ ಸ್ವಚ್ಛ ಇದ್ರ ನಾಳೆ ಬರ್ತೈತಿ."

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಕೊಡ ತಿಕ್ಕುವ ಸದ್ದಿಗೆ ಶಾವಂತ್ರವ್ವನಿಗೆ ಎಚ್ಚರವಾಯಿತು. ಕಣ್ಣು ತೆರೆಯಲಿಲ್ಲ. ಇನ್ನೊಂದಿಷ್ಟು ಹೊತ್ತು ತಿಕ್ಕುವವಳು ಅವ್ವನೇ ಆಗಿರಲಿ ಎಂದು ಹಾಗೇ ಮಲಗಿದ್ದಳು.